ಶರ್ವಿಲಕನ ಪ್ಯಾರಿಸ್ ಬಂಧುಗಳು

ಚೌರ್ಯವೂ ಅರುವತ್ತನಾಲ್ಕು ವಿದ್ಯೆಗಳಲ್ಲೊಂದೆಂದು ಲೋಕವು ವಿನೋದವಾಗಿ ಹೇಳುವುದುಂಟು. ಆ ಮಾತನ್ನು ರಂಗಸ್ಥಳದ ಮೇಲೆ ಸಾಧಿಸಿ ತೋರಿಸಿದವನು ಶೂದ್ರಕ ಕವಿ. 'ಮೃಚ್ಛಕಟಿಕ'ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣ ಯುವಕನು ಚಾರುದತ್ತನ ಮನೆಗೆ ಕನ್ನವಿಕ್ಕುವ ಸಂದರ್ಭವನ್ನು ಒಮ್ಮೆ ಓದಿದವರು ಮರೆಯಲಾರರು. ಗೋಡೆಯು ಸುಟ್ಟ ಇಟ್ಟಿಗೆಯದೋ ಹಸಿ ಇಟ್ಟಿಗೆಯದೋ ಎಂದು ಅವನು ಪರೀಕ್ಷಿಸುವನು. ಕನ್ನದ ಬಾಯಿ ಅರಳಿದ ಕಮಲದಂತಿರಬೇಕೋ, ಬಾಲಚಂದ್ರನಂತಿರಬೇಕೋ, ಪೂರ್ಣಕುಂಭದಂತಿರಬೇಕೋ ಎಂದು ಶಾಸ್ತ್ರಜ್ಞನಂತೆ ವಿಚಾರ ಮಾಡುವನು. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರವನ್ನೇ ಅಳತೆಗೆ ಹಿಡಿಯುವನು. ಬಾಗಿಲು ಕಿರುಗುಟ್ಟೀತೆಂದು ಅದಕ್ಕೆ ನೀರು ಹಾಕುವನು. ದೀಪವನ್ನಾರಿಸಲು ಹುಳುವೊಂದನ್ನು ಹಾರಿಬಿಡುವನು. ಬೆಳಗಾದ ಮೇಲೆ ಮನೆಯ ಯಜಮಾನನೇ ಆ ಕನ್ನವನ್ನು ಕಂಡು, ಎಷ್ಟು ಅಂದವಾಗಿ ಕೊರೆದಿರುವನೆಂದು ಮೆಚ್ಚುವನು! ಕಳ್ಳನು ಬರಿಗೈಯಲ್ಲಿ ಹೋದನೇನೋ ಎಂದು ಮರುಗುವ ಚಾರುದತ್ತನಂಥ ಯಜಮಾನನು ಈಗ ದೊರೆಯುವುದು ದುರ್ಲಭ. ಆ ಮಾತು ಹಾಗಿರಲಿ.

ಈ ಅಂಕವನ್ನು ತರಗತಿಯಲ್ಲಿ ಅನೇಕ ವರ್ಷ ಪಾಠ ಹೇಳಿದ ನಮಗೆ, ಅದರ ನೇರ ಬಂಧುವಾದ ಒಂದು ಫ್ರೆಂಚ್ ಚಲಚ್ಚಿತ್ರವು ಈಚೆಗೆ ನೋಡಲು ದೊರಕಿತು. 1955ರಲ್ಲಿ ಪ್ಯಾರಿಸ್ ನಗರದಲ್ಲಿ ತಯಾರಾಗಿ ತೆರೆಕಂಡ ಈ ಚಿತ್ರಕ್ಕೆ ಹೊರದೇಶಗಳಲ್ಲಿ 'ರಿಫಿಫಿ' ಎಂದೇ ಹೆಸರು. ಕಪ್ಪು ಬಿಳುಪಿನ ಚಿತ್ರ. 118 ನಿಮಿಷ ನಡೆಯುವುದು. ರಿಫಿಫಿ ಎಂಬುದು ಶಿಷ್ಟರ ಫ್ರೆಂಚಿನ ಪದವಲ್ಲ, ಪ್ಯಾರಿಸಿನ ಪುಂಡರ ಆಡುಮಾತು. ಹೊಡೆದಾಟ, ಕೈಕೈ ಮಿಲಾಯಿಸುವಿಕೆ ಎಂಬಂಥ ಅರ್ಥವುಳ್ಳದ್ದು. ನೋಡುವವರಿಗೆ ತಿಳಿಯಲೆಂದು ಚಿತ್ರದೊಳಗೆ ಗಾಯಕಿಯೊಬ್ಬಳ ಬಾಯಿಂದ ಹಾಡಿನಲ್ಲಿಯೇ ಆ ಅರ್ಥವನ್ನು ಹೇಳಿಸಿರುವರು. ಚಿತ್ರದ ಹಳೆಯ ಸುರುಳಿಗಳನ್ನು ಶುದ್ಧಿಗೊಳಿಸಿ, 2ಕೆ ಎಂಬ ಪ್ರಮಾಣದಲ್ಲಿ ಗಣಕಯಂತ್ರಕ್ಕೆ ಇಳಿಸಿ, ಮನೆಯಲ್ಲಿ ನೋಡುವಂತೆ ಬ್ಲೂ-ರೇ ತಟ್ಟೆಯ ರೂಪದಲ್ಲಿ ಅಮೇರಿಕದ ಕ್ರೈಟೀರಿಯನ್ ಸಂಸ್ಥೆಯವರು 2014ರಲ್ಲಿ ಹೊರತಂದರು. ನಾವು ನೋಡಿದ್ದು ಆ ತಟ್ಟೆಯನ್ನು.

ಕನ್ನ ಕೊರೆಯುವುದನ್ನು ಹೆಜ್ಜೆಹೆಜ್ಜೆಗೂ ತೋರಿಸುವ ಇಂಥ ಚಿತ್ರವನ್ನು ಸಂಸಾರವಂದಿಗರು ಮನೆಗೆ ತರಬಹುದೇ ಎಂದು ವಾಚಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳುವ ಮೊದಲು ಕಥೆಯನ್ನು ಸ್ವಲ್ಪ ನಿವೇದಿಸಬೇಕು.

ಟೋನಿ ಎಂಬಾತನು ಕಳ್ಳರಲ್ಲಿ ಹಿರಿಯ. ಐದು ವರ್ಷ ಸೆರೆಮನೆಯಲ್ಲಿದ್ದು ಹೊರಬಂದವನು. ದೇಹ ಕುಗ್ಗಿದೆ, ಕೆಮ್ಮು ಬಿಡದು. ತನ್ನ ಕಿರಿಯ ಗೆಳೆಯ ಜೋ ಎಂಬಾತನನ್ನು ಉಳಿಸುವುದಕ್ಕಾಗಿಯೇ ಅವನು ಶಿಕ್ಷೆಯನ್ನು ತಾನೊಬ್ಬನೇ ಅನುಭವಿಸಿದ್ದನು. ಜೋನ ಎಳೆಯ ಮಗನಿಗೆ ಟೋನಿಯ ಹೆಸರನ್ನೇ ಇಟ್ಟಿರುವರು. ಜೋ ಮತ್ತು ಮಾರಿಯೊ ಎಂಬ ಇಟಲಿಯವನು ಸೇರಿ, ಪ್ಯಾರಿಸಿನ ಶ್ರೀಮಂತ ಬೀದಿಯಲ್ಲಿರುವ ಆಭರಣದಂಗಡಿಯ ಗಾಜನ್ನು ಕತ್ತರಿಸಿ ಎದುರಿಗಿದ್ದುದನ್ನು ದೋಚುವುದೆಂದು ಯೋಚಿಸಿದರೆ, ಟೋನಿಯು ಮೊದಲು ಒಲ್ಲೆನೆಂದು, ಆಮೇಲೆ ಒಪ್ಪಿ, ಗಾಜಿನ ಹಿಂದಿರುವುದು ಬೇಡ, ಒಳಗಿನ ಕಬ್ಬಿಣದ ತಿಜೋರಿಯನ್ನೇ ಒಡೆಯೋಣ ಎನ್ನುವನು. ತಿಜೋರಿ ತೆರೆಯುವುದರಲ್ಲಿ ನಿಪುಣನಾದ ಸೆಜಾರ್ ಎಂಬ ಇನ್ನೊಬ್ಬ ಇಟಲಿಯವನನ್ನು ಕರೆಸಿಕೊಳ್ಳುವರು. ಆತನಿಗೆ ಒಂದೇ ದೌರ್ಬಲ್ಯ, ಹೆಂಗಸರು.

ಮುಂದೆ ಬರುವುದೇ ಜಗತ್ಪ್ರಸಿದ್ಧವಾದ ಆ ಅರ್ಧ ಗಂಟೆ. ರಾತ್ರಿಯಲ್ಲಿ ನಾಲ್ವರೂ ಅಂಗಡಿಯ ಮೇಲಂತಸ್ತಿನ ಮನೆಯನ್ನು ಹೊಕ್ಕು, ನೆಲವನ್ನು ಕೊರೆದು, ಕೆಳಗಿನ ಅಂಗಡಿಗೆ ಇಳಿಯಬೇಕು. ಅಂಗಡಿಯಲ್ಲಿ ಎಚ್ಚರಿಕೆಯ ಗಂಟೆಯಿದೆ. ಅಲ್ಪ ಶಬ್ದವಾದರೂ ಅದು ಮೊಳಗುವುದು. ಆದುದರಿಂದ ಮಾತಿಲ್ಲ. ಪಿಸುಮಾತೂ ಇಲ್ಲ. ಹಿನ್ನೆಲೆಯ ವಾದ್ಯವೂ ಇಲ್ಲ. ಉಸಿರು, ತಡೆದ ಕೆಮ್ಮು, ಉಳಿಯ ಮಂದವಾದ ಪೆಟ್ಟು, ಉದುರುವ ಗಾರೆಯ ಸದ್ದು ಇಷ್ಟೇ ಕಿವಿಗೆ ಬೀಳುವುದು. ನೆಲದಲ್ಲಿ ಕೈಯಗಲದ ತೂತಾದೊಡನೆ ಒಂದು ಕೊಡೆಯನ್ನು ಮಡಿಸಿದಂತೆಯೇ ಅದರೊಳಕ್ಕೆ ಇಳಿಬಿಟ್ಟು ಕೆಳಗೆ ಬಿಚ್ಚುವರು. ಮುಂದೆ ಬೀಳುವ ಇಟ್ಟಿಗೆ ಗಾರೆಯ ಚೂರೆಲ್ಲ ಆ ಕೊಡೆಯೊಳಗೇ ಬೀಳುವುದು, ನೆಲಕ್ಕೆ ಮುಟ್ಟದು. ಶರ್ವಿಲಕನು ಈ ಉಪಾಯವನ್ನು ಕಂಡಿದ್ದರೆ ಆ ಕೊಡೆಗೆ ಕೈಮುಗಿಯುತ್ತಿದ್ದನು. ಗಂಟೆಯ ಬಾಯನ್ನು ಕಟ್ಟುವುದಕ್ಕೆ ಬೆಂಕಿ ಆರಿಸುವ ಯಂತ್ರದ ನೊರೆಯನ್ನು ಅದರೊಳಕ್ಕೆ ಚಿಮ್ಮಿಸುವರು; ಇದೇ ಜಾತಿಯ ಗಂಟೆಯೊಂದನ್ನು ಮೊದಲೇ ತಂದು ಮನೆಯಲ್ಲಿಟ್ಟುಕೊಂಡು, ಪ್ರಯೋಗದ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ವಿದ್ಯೆ ಇದು. ಆಮೇಲೆ ತಿಜೋರಿಯನ್ನು ಮೆಲ್ಲನೆ ಒರಗಿಸಿ ಅದರ ಬೆನ್ನನ್ನು ಕೊರೆಯುವರು.

ನೋಡುತ್ತಿರುವಾಗ ನಮ್ಮ ಮನಸ್ಸಿಗೆ ಒಂದು ವಿಚಿತ್ರ ಸಂಭವಿಸಿತು. ಇವರು ಕಳ್ಳರು, ಪರರ ಸೊತ್ತಿಗೆ ಕೈ ಹಾಕುತ್ತಿರುವವರು, ಸಿಕ್ಕಿಬಿದ್ದರೆ ತಕ್ಕುದೇ ಆಯಿತು ಎನ್ನುವ ವಿವೇಕವು ಹತ್ತು ನಿಮಿಷದೊಳಗೆ ಎಲ್ಲಿಯೋ ಅಡಗಿ, ಗಾರೆಯ ಚೂರೊಂದು ಕೊಡೆಯಿಂದ ಹೊರಗೆ ಬಿದ್ದೀತೋ ಎಂದು ನಾವೇ ಉಸಿರು ಬಿಗಿಹಿಡಿದು ಕುಳಿತೆವು. ಅನುಚಿತವಾದ ಕಾರ್ಯವನ್ನು ಕುರಿತು ಸಹೃದಯನಲ್ಲಿ ಉತ್ಸಾಹವು ಹುಟ್ಟಿದರೆ ಅದು ರಸವೋ ರಸಾಭಾಸವೋ ಎಂದು ಆಲಂಕಾರಿಕರು ಚರ್ಚಿಸುವುದುಂಟು. ಇಲ್ಲಿ ನಮ್ಮನ್ನು ಹಿಡಿದದ್ದು ಕಳ್ಳತನವಲ್ಲ, ಕೆಲಸ. ನಾಲ್ವರು ಮನುಷ್ಯರು ತಮ್ಮ ತಮ್ಮ ಭಾಗದ ಕೆಲಸವನ್ನು ಮಾತಿಲ್ಲದೆ, ಒಬ್ಬರೊಬ್ಬರನ್ನು ನಂಬಿ, ಬೆವರೊರೆಸಿಕೊಂಡು ಮಾಡುವುದನ್ನು ಅಷ್ಟು ಹತ್ತಿರದಿಂದ ಯಾವ ಚಿತ್ರದಲ್ಲಿಯೂ ನಾವು ಕಂಡುದಿಲ್ಲ. ಆ ಶ್ರದ್ಧೆಯು ಸತ್ಕಾರ್ಯಕ್ಕೆ ವಿನಿಯೋಗವಾಗಿದ್ದರೆ ಎಂಬ ವ್ಯಥೆಯೂ ಜೊತೆಗೇ ಬರುವುದು.

ಈ ಚಿತ್ರಕ್ಕೆ ಆಧಾರವಾದುದು ಒಗ್ಯೂಸ್ಟ್ ಲ ಬ್ರೆತೋನ್ ಎಂಬವರ ಕಾದಂಬರಿ. ಅದರಲ್ಲಿ ಕನ್ನದ ಪ್ರಕರಣವು ಕೆಲವೇ ಪುಟಗಳಷ್ಟಿತ್ತು. ನಿರ್ದೇಶಕನಿಗೆ ಆ ಕಾದಂಬರಿಯು ರುಚಿಸಲಿಲ್ಲ. ಅದರಲ್ಲಿನ ಕ್ರೌರ್ಯವನ್ನು ಬಹುಮಟ್ಟಿಗೆ ತಳ್ಳಿ, ಈ ಕೆಲವು ಪುಟಗಳನ್ನು ಹಿಗ್ಗಿಸಿ ಚಿತ್ರದ ಕಾಲುಭಾಗ ಮಾಡಿದನು. ಸಂಗೀತವನ್ನು ರಚಿಸಿದ ಝಾರ್ಝ್ ಓರಿಕ್ ಫ್ರಾನ್ಸಿನ ದೊಡ್ಡ ವಿದ್ವಾಂಸರಲ್ಲೊಬ್ಬರು. ಕನ್ನದ ಪ್ರಕರಣಕ್ಕೂ ಅವರು ವಾದ್ಯಸಂಗೀತವನ್ನು ರಚಿಸಿಕೊಟ್ಟರಂತೆ; ನಿರ್ದೇಶಕನು ಅದನ್ನು ಸಂಗೀತದೊಡನೆ ಒಮ್ಮೆ, ಸಂಗೀತವಿಲ್ಲದೆ ಒಮ್ಮೆ ಅವರಿಗೆ ತೋರಿಸಲು, ಸಂಗೀತ ಬೇಡವೆಂದು ಆ ವಿದ್ವಾಂಸರೇ ಹೇಳಿದರಂತೆ. ತಾನು ಪಟ್ಟ ಶ್ರಮವನ್ನು ತಾನೇ ಬೇಡವೆನ್ನುವ ವಿದ್ವಾಂಸರು ಎಲ್ಲ ಕಾಲದಲ್ಲಿಯೂ ವಿರಳ.

ಇನ್ನು ಕನ್ನದ ಫಲ. ಇಪ್ಪತ್ತನಾಲ್ಕು ಕೋಟಿ ಫ್ರಾಂಕ್ ಬೆಲೆಬಾಳುವ ಆಭರಣಗಳು ಕೈಸೇರಿದವು. ಯಾರಿಗೂ ಸುಳಿವಿಲ್ಲ. ಆದರೆ ಹೊರಡುವಾಗ ಸೆಜಾರನು ಒಂದು ಉಂಗುರವನ್ನು ಮೆಲ್ಲನೆ ಜೇಬಿಗಿಳಿಸಿದ್ದನು. ಅದನ್ನು ಒಯ್ದು ರಾತ್ರಿಯ ಕ್ಲಬ್ಬೊಂದರಲ್ಲಿ ಹಾಡುವ ತನ್ನ ಪ್ರೇಯಸಿಗೆ ತೊಡಿಸುವನು. ಆ ಕ್ಲಬ್ಬಿನ ಒಡೆಯನಾದ ಗ್ರುಟ್ಟರನು ಟೋನಿಯ ಹಗೆ. ಉಂಗುರವನ್ನು ಕಂಡೊಡನೆ ಅವನಿಗೆ ಎಲ್ಲವೂ ತಿಳಿದುಹೋಗುವುದು. ಇಲ್ಲಿ ಮತ್ತೆ ಶೂದ್ರಕನನ್ನು ನೆನೆಯದೆ ಇರಲಾಗದು. ಶರ್ವಿಲಕನೂ ಕದ್ದುದು ಪ್ರೇಯಸಿಗಾಗಿ. ವಸಂತಸೇನೆಯ ದಾಸಿಯಾದ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದಕ್ಕಾಗಿ. ಅವನು ಒಡವೆಯ ಗಂಟನ್ನು ಮುಂದೆ ಇಟ್ಟಾಗ, ಇದು ನಮ್ಮ ಯಜಮಾನಿಯದೇ ಅಲ್ಲವೇ ಎಂದು ಮದನಿಕೆಯು ಗುರುತು ಹಿಡಿಯುವಳು. ಕಳುವಾದ ಆಭರಣವು ಹೆಣ್ಣಿನ ಮುಂದೆ ಬಂದ ಕ್ಷಣದಲ್ಲಿಯೇ ಗುಟ್ಟು ರಟ್ಟಾಯಿತು; ಇಷ್ಟರವರೆಗೆ ಉಜ್ಜಯಿನಿಯೂ ಪ್ಯಾರಿಸೂ ಒಂದೇ. ಮುಂದೆ ದಾರಿ ಬೇರೆಯಾಗುವುದು. ಉಜ್ಜಯಿನಿಯಲ್ಲಿ ಒಡವೆಯು ಒಡತಿಗೆ ಹಿಂದಿರುಗಿ, ಒಡತಿಯು ದಾಸಿಯನ್ನೇ ಕಳ್ಳನಿಗೆ ಮದುವೆಯಲ್ಲಿ ಕೊಡುವಳು. ಪ್ಯಾರಿಸಿನಲ್ಲಿ ಕ್ಷಮಿಸುವವರು ಒಬ್ಬರೂ ಇಲ್ಲ. ಮಾರಿಯೊನನ್ನೂ ಅವನ ಹೆಂಡತಿಯನ್ನೂ ಗ್ರುಟ್ಟರನ ಕಡೆಯವರು ಕೊಲ್ಲುವರು. ಜೋನ ಮಗುವನ್ನು ಎತ್ತಿಕೊಂಡು ಹೋಗುವರು. ಉಳಿದವರೂ ಒಬ್ಬೊಬ್ಬರಾಗಿ ಅಳಿಯುವರು.

ಈ ಚಿತ್ರದಲ್ಲಿ ನಮ್ಮನ್ನು ಬಹಳ ಹೊತ್ತು ಯೋಚನೆಗೀಡುಮಾಡಿದ ಭಾಗವು ಕನ್ನವಲ್ಲ, ಸೆಜಾರನ ಮರಣ. ಅದಕ್ಕೆ ನಿರ್ದೇಶಕನ ಚರಿತ್ರೆಯನ್ನು ತಿಳಿದಿರಬೇಕು.

ಜೂಲ್ಸ್ ಡಾಸಿನ್ ಎಂಬ ಹೆಸರನ್ನು ನೋಡಿ ಈತನು ಫ್ರೆಂಚನೆಂದು ಭಾವಿಸಿದವರು ಅನೇಕರು. ಈತನು ಹುಟ್ಟಿದ್ದು 1911ರಲ್ಲಿ, ಅಮೇರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ. ತಂದೆತಾಯಿಗಳು ರಷ್ಯದಿಂದ ವಲಸೆಬಂದ ಯಹೂದ್ಯರು. ಹಾಲಿವುಡ್ಡಿನಲ್ಲಿ 1948ರ 'ದಿ ನೇಕೆಡ್ ಸಿಟಿ' ಮುಂತಾದ ಚಿತ್ರಗಳಿಂದ ಹೆಸರು ಪಡೆದಿದ್ದನು. ಯೌವನದಲ್ಲಿ ಕಮ್ಯೂನಿಸ್ಟ್ ಪಕ್ಷದಲ್ಲಿದ್ದು 1939ರಲ್ಲಿಯೇ ಅದನ್ನು ಬಿಟ್ಟವನು. ಆದರೂ 1951ರಲ್ಲಿ ಅಮೇರಿಕದ ಪ್ರತಿನಿಧಿಸಭೆಯ ವಿಚಾರಣಾ ಸಮಿತಿಯ ಮುಂದೆ ಎಡ್ವರ್ಡ್ ಡ್ಮಿಟ್ರಿಕ್ ಎಂಬ ಇನ್ನೊಬ್ಬ ನಿರ್ದೇಶಕನು ಈತನ ಹೆಸರನ್ನು ಹೇಳಿದನು. ಅಷ್ಟು ಸಾಕಾಯಿತು. ಹಾಲಿವುಡ್ಡಿನಲ್ಲಿ ಕೆಲಸವಿಲ್ಲ, ಯುರೋಪಿಗೆ ಹೋದರೂ ಕೆಲಸವಿಲ್ಲ. ಫ್ರಾನ್ಸಿನಲ್ಲಿ ಒಂದು ಚಿತ್ರವನ್ನು ವಹಿಸಿಕೊಂಡು ಇನ್ನೇನು ಆರಂಭಿಸಬೇಕು ಎನ್ನುವಷ್ಟರಲ್ಲಿ, ಇವನು ಮಾಡಿದ ಚಿತ್ರ ಅಮೇರಿಕದಲ್ಲಿ ನಡೆಯದೆಂಬ ಬೆದರಿಕೆ ಬಂದುದರಿಂದ ಅದೂ ಕೈತಪ್ಪಿತು. ಹೀಗೆ ವರ್ಷಗಳು ಕಳೆದ ಮೇಲೆ ದೊರೆತದ್ದು ಈ 'ರಿಫಿಫಿ'. ಹಣ ಕಡಮೆ, ಹೆಸರಾಂತ ನಟರಿಲ್ಲ. ಟೋನಿಯ ಪಾತ್ರ ವಹಿಸಿದ ಝಾನ್ ಸರ್ವೆ ಎಂಬಾತನು ಬೆಲ್ಜಿಯಮಿನವನು, ಕುಡಿತದಿಂದ ಇಳಿಮುಖವಾಗಿದ್ದ ನಟ. ಆ ಬಳಲಿದ ಮುಖವೇ ಚಿತ್ರಕ್ಕೆ ಒದಗಿದ ಭಾಗ್ಯವೆಂದು ನಮ್ಮ ಮತ. ಪ್ಯಾರಿಸಿನ ಬೀದಿಗಳನ್ನು ಬಿಸಿಲಿಲ್ಲದ ಮೋಡದ ದಿನಗಳನ್ನೇ ಆರಿಸಿ ಚಿತ್ರಿಸಿದರು. ಇಡೀ ಚಿತ್ರದಲ್ಲಿ ಒದ್ದೆಯಾದ ಬೂದುಬಣ್ಣವೇ ತುಂಬಿದೆ. 1955ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕನೆಂಬ ಬಹುಮಾನವನ್ನು ಪಡೆದ ಇಬ್ಬರಲ್ಲಿ ಡಾಸಿನ್ ಒಬ್ಬನಾದನು.

ಸೆಜಾರನ ಪಾತ್ರಕ್ಕೆ ಗೊತ್ತುಮಾಡಿದ್ದ ನಟನು ಬರಲಿಲ್ಲವಾಗಿ, ನಿರ್ದೇಶಕನೇ ಪೆರ್ಲೊ ವೀಟಾ ಎಂಬ ಹುಸಿಹೆಸರಿನಿಂದ ಆ ವೇಷವನ್ನು ಕಟ್ಟಿದನು. ಈ ಸೆಜಾರನೇ ಗ್ರುಟ್ಟರನ ಕೈಗೆ ಸಿಕ್ಕಿ, ಹೆದರಿ, ಗೆಳೆಯರ ಹೆಸರನ್ನು ಬಾಯಿಬಿಡುವವನು. ಟೋನಿಯು ಬಂದು ನೋಡುವಾಗ ಅವನನ್ನು ಕ್ಲಬ್ಬಿನ ರಂಗದ ಹಿಂದೆ ಕಟ್ಟಿಹಾಕಿದೆ. ನಿನ್ನನ್ನು ನಾನು ಮೆಚ್ಚಿದ್ದೆ, ಆದರೆ ನಮ್ಮ ಕಟ್ಟಳೆ ನಿನಗೆ ಗೊತ್ತು ಎಂಬರ್ಥದ ಮಾತನ್ನು ಟೋನಿಯು ಹೇಳುವನು. ಗೊತ್ತು ಎಂದು ಸೆಜಾರನು ತಲೆದೂಗುವನು. ಟೋನಿಯು ಗುಂಡು ಹಾರಿಸುವನು. ಗೆಳೆಯನೊಬ್ಬನು ತನ್ನ ಹೆಸರನ್ನು ಹೇಳಿದ್ದರಿಂದ ಜೀವನವೇ ಮುರಿದುಬಿದ್ದ ಮನುಷ್ಯನು, ಹೆಸರು ಹೇಳಿದವನ ವೇಷವನ್ನು ತಾನೇ ತೊಟ್ಟು, ಆ ಗುಂಡಿಗೆ ತಾನೇ ಎದೆಯೊಡ್ಡಿದನು! ಆ ದೃಶ್ಯವನ್ನು ತೆಗೆಯುವಾಗ ತನಗೆ ಹೆಸರು ಹೇಳಿದ ಆ ಗೆಳೆಯರ ನೆನಪಿತ್ತೆಂದು ಮುಪ್ಪಿನಲ್ಲಿ ಡಾಸಿನ್ ಹೇಳಿರುವನು.

ದ್ರೋಹಿಗೆ ತಕ್ಕ ಶಾಸ್ತಿಯಾಯಿತೆಂದು ಕೆಲವರು ಈ ದೃಶ್ಯವನ್ನು ಕೊಂಡಾಡುವರು. ನಮಗೆ ಹಾಗೆ ತೋರಲಿಲ್ಲ. ಡಾಸಿನ್ ಸೆಜಾರನನ್ನು ನೀಚನನ್ನಾಗಿ ಮಾಡಿಲ್ಲ. ಅವನು ಚಪಲ, ಹೆಣ್ಣುಗಳಿಗೆ ಸೋಲುವವನು, ನೋವಿಗೆ ಅಂಜುವವನು. ಅಂದರೆ ನಮ್ಮ ನೆರೆಹೊರೆಯಲ್ಲಿ ಕಾಣುವ ಸಾಧಾರಣ ಮನುಷ್ಯ. ಕಟ್ಟಿಹಾಕಿದ ಮನುಷ್ಯನನ್ನು ಕೊಂದು ಟೋನಿಯು ಸಾಧಿಸಿದ್ದಾದರೂ ಏನು? ಮಾರಿಯೊ ಬದುಕಿಬರಲಿಲ್ಲ. ಕಳ್ಳರ ಕಟ್ಟಳೆಯೆಂಬುದಕ್ಕೆ ದಂಡವುಂಟು, ಪ್ರಾಯಶ್ಚಿತ್ತವಿಲ್ಲ. ಮನುವಾಗಲಿ ಯಾಜ್ಞವಲ್ಕ್ಯನಾಗಲಿ ಎರಡನ್ನೂ ಹೇಳಿರುವರು. ತನಗೆ ಕೇಡು ಬಗೆದವನ ಸ್ಥಾನದಲ್ಲಿ ನಿಂತು ಒಮ್ಮೆ ನೋಡುವ ಧೈರ್ಯವು ಡಾಸಿನ್‌ನಿಗಿತ್ತು ಎನ್ನುವುದೇ ನಾವು ಈ ದೃಶ್ಯದಲ್ಲಿ ಕಂಡ ಹಿರಿಮೆ.

ಇಷ್ಟು ಮೆಚ್ಚಿದ ಮೇಲೆ ಮೆಚ್ಚದಿರುವುದನ್ನೂ ಹೇಳಬೇಕು. ಮೊದಲ ಭಾಗದಲ್ಲಿ, ತಾನು ಸೆರೆಯಲ್ಲಿದ್ದಾಗ ಗ್ರುಟ್ಟರನ ಪಾಲಾದ ಮಾದೋ ಎಂಬ ಹೆಣ್ಣನ್ನು ಟೋನಿಯು ಮನೆಗೆ ಕರೆತಂದು, ಮೈಮೇಲಿನ ಒಡವೆಯನ್ನೂ ತುಪ್ಪುಳಿನ ಅಂಗಿಯನ್ನೂ ಬಿಚ್ಚಿಸಿ, ಸೊಂಟದ ಪಟ್ಟಿಯಿಂದ ಹೊಡೆಯುವನು. ಪೆಟ್ಟುಗಳು ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳುವುವು. ಇದು ಅವನ ಕ್ರೌರ್ಯವನ್ನು ತೋರಿಸುವುದಕ್ಕಾಗಿ ಎಂದು ಸಮಾಧಾನ ಹೇಳುವವರಿರುವರು. ಮುಂದೆ ಮಗುವಿರುವ ಜಾಗವನ್ನು ಪತ್ತೆಮಾಡುವುದರಲ್ಲಿ ಅವನಿಗೆ ನೆರವಾಗುವವಳೂ ಇದೇ ಮಾದೋ; ಆದರೆ ಅವನು ಮಾಡಿದ್ದಕ್ಕೆ ಚಿತ್ರವು ಅವಳ ಪರವಾಗಿ ಒಂದು ಮಾತನ್ನೂ ಆಡದು. ಗೆಳೆಯನಿಗೆ ಮಾಡಿದ ದ್ರೋಹಕ್ಕೆ ಗುಂಡು, ಹೆಣ್ಣಿನ ಬೆನ್ನಿಗೆ ಬಿದ್ದ ಏಟಿಗೆ ಮೌನ, ಇದು ಯಾವ ನ್ಯಾಯ? ಹೆಂಗಸರೊಡನೆ ಕುಳಿತು ನೋಡುವ ಗೃಹಸ್ಥರು ಈ ಭಾಗ ಬರುವುದೆಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಮಕ್ಕಳ ವಿಷಯ. ಹನ್ನೆರಡು ಹದಿಮೂರರ ಒಳಗಿನವರಿಗೆ ಈ ಚಿತ್ರ ಸಲ್ಲದು. ಕನ್ನ ಕಲಿತಾರೆಂಬ ಭಯಕ್ಕಲ್ಲ, ಮಗುವಿನ ಅಪಹರಣವೂ ಕೊಲೆಗಳೂ ಇರುವುದರಿಂದ. ದೊಡ್ಡ ಮಕ್ಕಳೊಡನೆ ನೋಡಬಹುದು, ನೋಡಿದ ಮೇಲೆ ಮಾತನಾಡಬಹುದು. ಕನ್ನ ಕಲಿಸುವ ಗ್ರಂಥವೆಂದು ಹೆದರಿದ್ದರೆ 'ಮೃಚ್ಛಕಟಿಕ'ವನ್ನೂ, ಚಂಪಾನಗರದ ಲೋಭಿಗಳ ಮನೆಗಳನ್ನು ದೋಚಿದ ಅಪಹಾರವರ್ಮನ ಕಥೆಯುಳ್ಳ ದಂಡಿಯ 'ದಶಕುಮಾರಚರಿತ'ವನ್ನೂ ನಮ್ಮ ಹಿರಿಯರು ಎಂದೋ ಹೊಳೆಗೆ ಹಾಕಬೇಕಾಗಿತ್ತು. ಅವನ್ನು ಓದಿದ ನಮ್ಮ ಶಿಷ್ಯರಲ್ಲಿ ಒಬ್ಬನಾದರೂ ಗೋಡೆ ಕೊರೆದ ವರ್ತಮಾನ ನಮಗೆ ಬಂದಿಲ್ಲ.

ಜೀರ್ಣೋದ್ಧಾರದ ವಿಚಾರವಾಗಿ ಎರಡು ಮಾತು. ಹಳೆಯ ಚಲಚ್ಚಿತ್ರದ ಸುರುಳಿಯು ನಮ್ಮ ತಾಳೆಗರಿಯ ಗ್ರಂಥದಂತೆಯೇ ನಶ್ವರವಾದುದು. ಗೀರು, ಧೂಳು, ನಡುಗುವಿಕೆ, ಬೆಳಕಿನ ಏರಿಳಿತ, ಧ್ವನಿಯಲ್ಲಿ ಚಟಪಟ ಶಬ್ದ ಇವೆಲ್ಲ ಕಾಲವು ಸೇರಿಸಿದ ದೋಷಗಳು. ಸುರುಳಿಯ ಒಂದೊಂದು ಚೌಕವನ್ನೂ ಯಂತ್ರದಿಂದ ಓದಿಸಿ, ಈ ದೋಷಗಳನ್ನು ಒಂದೊಂದಾಗಿ ತೆಗೆಯುವರು. ಒಂದು ಸೆಕೆಂಡಿಗೆ 24 ಚೌಕವಾದುದರಿಂದ ಈ ಚಿತ್ರದಲ್ಲಿ ಒಂದೂವರೆ ಲಕ್ಷಕ್ಕೂ ಮಿಗಿಲಾದ ಚೌಕಗಳಿವೆ. ಗ್ರಂಥಸಂಪಾದನೆ ಮಾಡಿದವರಿಗೆ ಇದರ ಕಷ್ಟ ಅರ್ಥವಾಗುವುದು. ಲಿಪಿಕಾರನ ತಪ್ಪು ಯಾವುದು, ಕವಿಯ ಪ್ರಯೋಗವೇ ಯಾವುದು ಎಂದು ವಿವೇಚಿಸದೆ ತಿದ್ದುತ್ತ ಹೋದರೆ ಕವಿಯೇ ಮಾಯವಾಗುವನು. ಸುರುಳಿಯಲ್ಲಿ ಬೆಳ್ಳಿಯ ಕಣಗಳಿಂದಾದ ಒಂದು ಸೂಕ್ಷ್ಮವಾದ ಮರಳುಮರಳುತನವುಂಟು. ಅದು ಕೊಳೆಯಲ್ಲ, ಚಿತ್ರದ ಮೈಯೇ ಅದು. ಅದನ್ನೂ ತಿಕ್ಕಿ ತೊಳೆದರೆ ನಟರ ಮುಖಗಳು ಮೇಣದ ಗೊಂಬೆಗಳಂತಾಗುವುವು. ಈ ತಟ್ಟೆಯಲ್ಲಿ ಆ ಅತ್ಯಾಚಾರವಾಗಿಲ್ಲ. ಟೋನಿಯ ಕೆನ್ನೆಯ ಗೆರೆಗಳು, ಒದ್ದೆ ಬೀದಿಯ ಹೊಳಪು, ಕೊಡೆಯೊಳಗೆ ಏಳುವ ಗಾರೆಯ ಹುಡಿ ಎಲ್ಲವೂ ಸ್ಪಷ್ಟವಾಗಿ ಕಾಣುವುವು.

ಅದಕ್ಕಿಂತಲೂ ನಾವು ಗಮನಿಸಿದ್ದು ಧ್ವನಿಯನ್ನು. ಮಾತಿಲ್ಲದ ಅರ್ಧ ಗಂಟೆಯುಳ್ಳ ಚಿತ್ರದಲ್ಲಿ ಧ್ವನಿಯ ಶುದ್ಧೀಕರಣವೇ ಕಠಿಣವಾದುದು. ಗೊರಗೊರ ಶಬ್ದವನ್ನು ಉಳಿಸಿದರೆ ನಿಶ್ಶಬ್ದವು ಕೆಡುವುದು. ಎಲ್ಲವನ್ನೂ ಅಳಿಸಿದರೆ ಉಸಿರಿನ ಸದ್ದೂ ಬಟ್ಟೆಯ ಸರಸರವೂ ಜೊತೆಗೇ ಹೋಗಿ, ಉಳಿಯುವುದು ಮೌನವಲ್ಲ, ಕಿವುಡುತನ. ಇಲ್ಲಿ ಆ ಎರಡರ ನಡುವಿನ ಹದವು ದೊರಕಿದೆ. ಇಂಥ ಕೆಲಸವನ್ನು ಕಂಡಾಗ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲವೆಂಬುದು ನೆನಪಾಗಿ ಮನಸ್ಸು ಮುದುಡುವುದು. ಉದ್ಧಾರಕ್ಕೆ ಜೀರ್ಣವಾದುದಾದರೂ ಉಳಿದಿರಬೇಕಷ್ಟೆ.

ಚಿತ್ರದ ಕೊನೆಯನ್ನು ಪೂರ್ತಿ ಹೇಳಿ ನೋಡುವವರ ಸುಖವನ್ನು ಕೆಡಿಸುವುದಿಲ್ಲ. ಗುಂಡೇಟಿನಿಂದ ನೆತ್ತರು ಸೋರುತ್ತಿರುವ ಟೋನಿಯು ಆ ಮಗುವನ್ನು ತಾಯಿಗೆ ಮುಟ್ಟಿಸಲು ಮೇಲ್ಛಾವಣಿ ತೆರೆದ ಕಾರನ್ನು ಪ್ಯಾರಿಸಿನ ಬೀದಿಗಳಲ್ಲಿ ಓಡಿಸುವನು. ಅವನ ಕಣ್ಣು ಮಂಜಾಗುತ್ತಿದೆ, ಮರಗಳ ಬರಿಯ ಕೊಂಬೆಗಳು ತಲೆಯ ಮೇಲೆ ಸುತ್ತುತ್ತಿವೆ. ಹಿಂದಿನ ಆಸನದಲ್ಲಿ ಮಗುವು ಏನನ್ನೂ ಅರಿಯದೆ ಆಟದ ಪಿಸ್ತೂಲನ್ನು ಹಿಡಿದು ಕುಣಿಯುತ್ತಿದೆ. ಶೂದ್ರಕನ ನಾಟಕಕ್ಕೆ ಹೆಸರು ಬಂದದ್ದೂ ಒಂದು ಮಗುವಿನ ಮಣ್ಣಿನ ಆಟದ ಬಂಡಿಯಿಂದಲ್ಲವೇ?

ತಟ್ಟೆಯಲ್ಲಿ ಚಿತ್ರದ ಜೊತೆಗೆ 2000ದ ಇಸವಿಯಲ್ಲಿ ಡಾಸಿನ್ ಕೊಟ್ಟ ಸಂದರ್ಶನವೂ, ದೃಶ್ಯಸಜ್ಜಿಕೆಯನ್ನು ರಚಿಸಿದ ಅಲೆಕ್ಸಾಂಡರ್ ಟ್ರಾವ್ನರರ ರೇಖಾಚಿತ್ರಗಳೂ ಇವೆ. ಡಾಸಿನ್ ಗ್ರೀಸ್ ದೇಶದ ಅಥೆನ್ಸಿನಲ್ಲಿ 2008ರಲ್ಲಿ ತನ್ನ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಸಂದರ್ಶನದಲ್ಲಿ ಕಾಣುವ ಆ ಮುದುಕನ ಮಾತು ಕೇಳತಕ್ಕದ್ದು. ಕೊಳ್ಳುವವರಿಗೆ ಒಂದು ಸೂಚನೆ: ಬ್ಲೂ-ರೇ ತಟ್ಟೆಗಳಿಗೆ ದೇಶವಿಭಾಗದ ಬೀಗವುಂಟು. ಅಮೇರಿಕದ ತಟ್ಟೆ ಎ ವಿಭಾಗದ್ದು, ಭಾರತವಿರುವುದು ಸಿ ವಿಭಾಗದಲ್ಲಿ. ಇಲ್ಲಿ ಕೊಂಡ ಯಂತ್ರದಲ್ಲಿ ಅದು ನಡೆಯದಿರಬಹುದು, ವಿಚಾರಿಸಿಯೇ ತರಿಸಬೇಕು. ಮಾತು ಫ್ರೆಂಚಿನಲ್ಲಿದ್ದು ಇಂಗ್ಲಿಷಿನ ಅಡಿಬರಹವಿದೆ. ಇಂಗ್ಲಿಷ್ ಬಾರದ ಹಿರಿಯರಿಗೆ ಪಕ್ಕದಲ್ಲಿ ಕುಳಿತವರು ಯಾರಾದರೂ ಕನ್ನಡದಲ್ಲಿ ಹೇಳುತ್ತಿರಬೇಕಾಗುವುದು. ಕನ್ನದ ಅರ್ಧ ಗಂಟೆಯಲ್ಲಿ ಮಾತ್ರ ಅವರಿಗೂ ವಿಶ್ರಾಂತಿ.